ಪ್ಯಾಕೇಜ್ ಅನುಸ್ಥಾಪನೆಯಲ್ಲಿ ಅನುಮತಿ ದೋಷ

ಅನುಮತಿ ದೋಷ ಎಂಬುದು ಪೈಥಾನ್, ಜಾವಾಸ್ಕ್ರಿಪ್ಟ್, ರೂಬಿ, ಆರ್ ಮುಂತಾದ ಪ್ರೋಗ್ರಾಮಿಂಗ್ ಭಾಷೆಗಳ ಪ್ಯಾಕೇಜುಗಳನ್ನು ಗಣಕದಲ್ಲಿ ಅನುಸ್ಥಾಪಿಸುವಾಗ ಕಾಣಿಸಿಕೊಳ್ಳುವ ಒಂದು ಸಾಮಾನ್ಯ ದೋಷವಾಗಿದೆ. ಪ್ಯಾಕೇಜಿನ ಕಡತಗಳು ಹೋಗಿ ಸೇರಬೇಕಾದ ಕಡತಕೋಶದಲ್ಲಿ ಬರೆಯುವ ಹಕ್ಕು ಆ ಬಳಕೆದಾರರಿಗೆ ಇಲ್ಲದಿದ್ದಾಗ ಕಾರ್ಯಾಚರಣಾ ವ್ಯವಸ್ಥೆಯು ಕೆಲಸವನ್ನು ತಡೆಯುತ್ತದೆ. ಪೈಥಾನಿನ ಪಿಪ್ ಇದನ್ನು ‘ಎರ್‌ನೋ 13, ಪರ್ಮಿಷನ್ ಡಿನೈಡ್’ ಎಂದೂ, ನೋಡ್ ಜೆಎಸ್‌ನ ಎನ್‌ಪಿಎಂ ‘ಇಎಸಿಸಿಇಎಸ್’ ಎಂದೂ, ವಿಂಡೋಸ್ ‘ವಿನ್‌ಎರರ್ 5, ಆ್ಯಕ್ಸೆಸ್ ಈಸ್ ಡಿನೈಡ್’ ಎಂದೂ ತಿಳಿಸುತ್ತವೆ. ಹೆಸರುಗಳು ಬೇರೆಯಾದರೂ ಸಂಗತಿ ಒಂದೇ.

ಪ್ರೋಗ್ರಾಮಿಂಗ್ ಕಲಿಯಲು ತೊಡಗಿದವರು ಮೊದಲ ವಾರದಲ್ಲಿಯೇ ಈ ದೋಷವನ್ನು ಎದುರಿಸುವುದುಂಟು. ಆದೇಶದ ಮುಂದೆ ‘ಸುಡೊ’ ಸೇರಿಸಿದರೆ ಅದು ತಕ್ಷಣ ಮಾಯವಾಗುತ್ತದೆ; ಆದ್ದರಿಂದಲೇ ಆ ಉಪಾಯವು ವ್ಯಾಪಕವಾಗಿ ಹರಡಿದೆ. ಆದರೆ ಆ ಉಪಾಯವು ಬಹಳಷ್ಟು ಸಂದರ್ಭಗಳಲ್ಲಿ ಚಿಕ್ಕ ತೊಡಕನ್ನು ದೊಡ್ಡದಾಗಿಸುತ್ತದೆ. ಅದು ಹೇಗೆ ಎಂಬುದನ್ನೂ, ಸರಿಯಾದ ಪರಿಹಾರಗಳನ್ನೂ ಈ ಲೇಖನವು ವಿವರಿಸುತ್ತದೆ. ಇಲ್ಲಿ ಆದೇಶಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿ ಟೈಪಿಸಬೇಕು.

ಹಿನ್ನೆಲೆ

ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಕೈಯಲ್ಲಿ ರೂಪುಗೊಂಡಿತು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುತ್ತಿದ್ದ ಕಾಲವದು. ಒಬ್ಬರ ಕಡತವನ್ನು ಮತ್ತೊಬ್ಬರು ಕೆಡಿಸಬಾರದು, ಎಲ್ಲರಿಗೂ ಬೇಕಾದ ಕಡತಗಳನ್ನು ಯಾರೂ ಅಕಸ್ಮಾತ್ತಾಗಿ ಅಳಿಸಬಾರದು ಎಂಬ ಅಗತ್ಯದಿಂದ ಅನುಮತಿಯ ಏರ್ಪಾಡು ಹುಟ್ಟಿತು. ಲಿನಕ್ಸ್ ಮತ್ತು ಮ್ಯಾಕ್‌ಒಎಸ್‌ಗಳು ಇದೇ ಏರ್ಪಾಡನ್ನು ಅನುಸರಿಸುತ್ತವೆ.

ಇದರಲ್ಲಿ ಪ್ರತಿಯೊಂದು ಕಡತಕ್ಕೂ ಕಡತಕೋಶಕ್ಕೂ ಒಬ್ಬ ಮಾಲೀಕ ಮತ್ತು ಒಂದು ಗುಂಪು ಇರುತ್ತದೆ. ಮಾಲೀಕ, ಗುಂಪಿನ ಸದಸ್ಯರು ಹಾಗೂ ಇತರರು ಎಂಬ ಮೂರು ವರ್ಗಗಳಿಗೆ ಓದುವ, ಬರೆಯುವ ಮತ್ತು ಕಾರ್ಯಗತಗೊಳಿಸುವ ಹಕ್ಕುಗಳನ್ನು ಪ್ರತ್ಯೇಕವಾಗಿ ಕೊಡಬಹುದು. ಓದಲು 4, ಬರೆಯಲು 2, ಕಾರ್ಯಗತಗೊಳಿಸಲು 1 ಎಂಬ ಅಂಕಗಳನ್ನು ಕೂಡಿಸಿ ಈ ಹಕ್ಕುಗಳನ್ನು ಮೂರು ಅಂಕಿಗಳಲ್ಲಿ ಬರೆಯುವ ರೂಢಿಯಿದೆ. 755 ಎಂದರೆ ಮಾಲೀಕನಿಗೆ ಮೂರೂ ಹಕ್ಕುಗಳು, ಉಳಿದವರಿಗೆ ಓದುವ ಮತ್ತು ಕಾರ್ಯಗತಗೊಳಿಸುವ ಹಕ್ಕುಗಳು ಮಾತ್ರ ಎಂದರ್ಥ. ವ್ಯವಸ್ಥೆಯ ಹೆಚ್ಚಿನ ಕಡತಕೋಶಗಳು 755ರಲ್ಲಿದ್ದು, ಅವುಗಳ ಮಾಲೀಕ ‘ರೂಟ್’ ಆಗಿರುತ್ತಾನೆ. ರೂಟ್ ಬಳಕೆದಾರನ ಗುರುತಿನ ಸಂಖ್ಯೆ 0. ಸಾಮಾನ್ಯವಾದ ಅನುಮತಿ ಪರೀಕ್ಷೆಗಳು ಅವನಿಗೆ ಅನ್ವಯಿಸುವುದಿಲ್ಲ.

ಹೊಸಬರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೊಸ ಕಡತವೊಂದನ್ನು ಸೃಷ್ಟಿಸುವುದಕ್ಕೂ, ಇರುವ ಕಡತವನ್ನು ಅಳಿಸುವುದಕ್ಕೂ ಬೇಕಾಗುವುದು ಆ ಕಡತದ ಮೇಲಿನ ಹಕ್ಕಲ್ಲ, ಅದನ್ನು ಒಳಗೊಂಡ ಕಡತಕೋಶದ ಮೇಲಿನ ಬರೆಯುವ ಹಕ್ಕು. ಪ್ಯಾಕೇಜಿನ ಅನುಸ್ಥಾಪನೆಯೆಂದರೆ ಮುಖ್ಯವಾಗಿ ಹೊಸ ಕಡತಗಳನ್ನು ಒಂದು ಕಡತಕೋಶದಲ್ಲಿ ಇರಿಸುವುದೇ ಆಗಿದೆ. ಹೀಗಾಗಿ ದೋಷ ಸಂದೇಶದಲ್ಲಿ ಕಾಣಿಸುವ ಕಡತವು ಇನ್ನೂ ಅಸ್ತಿತ್ವಕ್ಕೇ ಬಂದಿರುವುದಿಲ್ಲ. ಪರೀಕ್ಷಿಸಬೇಕಾದದ್ದು ಅದರ ಮೇಲಿನ ಹಂತದ ಕಡತಕೋಶವನ್ನು.

ದೋಷ ಹುಟ್ಟುವ ಬಗೆ

ಉಬುಂಟು ಅಥವಾ ಡೆಬಿಯನ್ ಗಣಕದಲ್ಲಿ ಪೈಥಾನ್ ಮೊದಲೇ ಇರುತ್ತದೆ. ಅದನ್ನು ಇರಿಸಿದ್ದು ಬಳಕೆದಾರರಲ್ಲ, ವ್ಯವಸ್ಥೆಯ ಪ್ಯಾಕೇಜ್ ನಿರ್ವಾಹಕವಾದ ಎಪಿಟಿ. ಎಪಿಟಿಯು ತರುವ ಪೈಥಾನ್ ಪ್ಯಾಕೇಜುಗಳು ‘/ಯುಎಸ್‌ಆರ್/ಲಿಬ್/ಪೈಥಾನ್3/ಡಿಸ್ಟ್-ಪ್ಯಾಕೇಜಸ್’ ಎಂಬಲ್ಲಿ ಕೂರುತ್ತವೆ. ಪಿಪ್ ಅನ್ನು ರೂಟ್ ಆಗಿ ಚಲಾಯಿಸಿದರೆ ಅದು ತರುವ ಪ್ಯಾಕೇಜುಗಳು ‘/ಯುಎಸ್‌ಆರ್/ಲೋಕಲ್/ಲಿಬ್’ ಕೆಳಗಿನ ಇನ್ನೊಂದು ಡಿಸ್ಟ್-ಪ್ಯಾಕೇಜಸ್‌ಗೆ ಹೋಗುತ್ತವೆ. ಎರಡೂ ರೂಟ್‌ನ ಸ್ವತ್ತು. ಸಾಮಾನ್ಯ ಬಳಕೆದಾರರು ಇಲ್ಲಿ ನಮ್‌ಪೈ ಎಂಬ ಪ್ಯಾಕೇಜನ್ನು ಇರಿಸಲು ಹೊರಟರೆ ವ್ಯವಸ್ಥೆಯು ಬಾಗಿಲಲ್ಲೇ ನಿಲ್ಲಿಸುತ್ತದೆ. ದೋಷವೆಂದು ಕರೆಯಲಾಗುವ ಈ ಸಂದೇಶವು ವಾಸ್ತವದಲ್ಲಿ ವ್ಯವಸ್ಥೆಯು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವುದರ ಸೂಚನೆ.

ಪಿಪ್ ಅನ್ನು ಇಯಾನ್ ಬಿಕಿಂಗ್ ಅವರು 2008ರಲ್ಲಿ ರಚಿಸಿದರು. 2020ರ ಜನವರಿಯಲ್ಲಿ ಬಂದ ಅದರ 20.0 ಆವೃತ್ತಿಯಿಂದ ಈಚೆಗೆ, ವ್ಯವಸ್ಥೆಯ ಕಡತಕೋಶಕ್ಕೆ ಬರೆಯಲಾಗದಿದ್ದರೆ ಪಿಪ್ ತಾನಾಗಿಯೇ ಬಳಕೆದಾರರ ಸ್ವಂತ ಕಡತಕೋಶಕ್ಕೆ ಹೊರಳುತ್ತದೆ. ಆದ್ದರಿಂದ ಇಂದು ಪಿಪ್‌ನಲ್ಲಿ ಅನುಮತಿ ದೋಷ ಕಾಣಿಸಿದರೆ ಅದರ ಕಾರಣ ಬಹುತೇಕ ಬೇರೆಯದೇ ಆಗಿರುತ್ತದೆ: ಪಿಪ್ ತೀರ ಹಳೆಯದಾಗಿರಬಹುದು, ಗುರಿಯ ಕಡತಕೋಶವನ್ನು ಬಳಕೆದಾರರೇ ನಿರ್ದಿಷ್ಟವಾಗಿ ಸೂಚಿಸಿರಬಹುದು, ಇಲ್ಲವೇ ಹಿಂದೊಮ್ಮೆ ಸುಡೊ ಬಳಸಿದ್ದರಿಂದ ಮನೆಯ ಕಡತಕೋಶದೊಳಗೇ ರೂಟ್‌ನ ಒಡೆತನದ ಕಡತಗಳು ಉಳಿದಿರಬಹುದು. ಈ ಮೂರನೆಯದೇ ಹೆಚ್ಚು.

ಸುಡೊ ಏಕೆ ಪರಿಹಾರವಲ್ಲ

ಸುಡೊ ಎಂಬುದು ಒಂದು ಆದೇಶವನ್ನು ಮತ್ತೊಬ್ಬ ಬಳಕೆದಾರನ, ಸಾಮಾನ್ಯವಾಗಿ ರೂಟ್‌ನ, ಅಧಿಕಾರದಲ್ಲಿ ಚಲಾಯಿಸುವ ತಂತ್ರಾಂಶ. 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಬಫಲೊ ಆವರಣದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಅದನ್ನು ಬರೆದರು. ವ್ಯವಸ್ಥೆಯ ನಿರ್ವಹಣೆಗೆ ಅದು ಅತ್ಯಗತ್ಯ. ‘ಸುಡೊ ಎಪಿಟಿ ಇನ್‌ಸ್ಟಾಲ್’ ಎನ್ನುವುದರಲ್ಲಿ ತಪ್ಪೇನಿಲ್ಲ. ‘ಸುಡೊ ಪಿಪ್ ಇನ್‌ಸ್ಟಾಲ್’ ಎನ್ನುವುದು ಬೇರೆಯ ಮಾತು.

ಮೊದಲನೆಯ ತೊಂದರೆ ಕಾರ್ಯಾಚರಣಾ ವ್ಯವಸ್ಥೆಗೇ ಸಂಬಂಧಿಸಿದ್ದು. ಲಿನಕ್ಸ್ ವಿತರಣೆಗಳ ಹಲವು ಉಪಕರಣಗಳು ಪೈಥಾನಿನಲ್ಲಿಯೇ ಬರೆಯಲ್ಪಟ್ಟಿವೆ. ಫೆಡೋರಾದಲ್ಲಿ ಬಹುಕಾಲ ಪ್ಯಾಕೇಜ್ ನಿರ್ವಾಹಕಗಳಾಗಿದ್ದ ಯಮ್ ಮತ್ತು ಡಿಎನ್‌ಎಫ್, ಉಬುಂಟುವಿನಲ್ಲಿ ತಾವಾಗಿಯೇ ಭದ್ರತಾ ನವೀಕರಣಗಳನ್ನು ತರುವ ಉಪಕರಣ ಇವಕ್ಕೆ ಉದಾಹರಣೆ. ಇವೆಲ್ಲವೂ ವಿತರಣೆಯವರು ಪರೀಕ್ಷಿಸಿ ಕೊಟ್ಟ ನಿರ್ದಿಷ್ಟ ಆವೃತ್ತಿಗಳ ಪ್ಯಾಕೇಜುಗಳನ್ನು ನಂಬಿಕೊಂಡಿರುತ್ತವೆ. ಪೈಥಾನ್ ಒಂದು ಪ್ಯಾಕೇಜನ್ನು ಹುಡುಕುವಾಗ ‘/ಯುಎಸ್‌ಆರ್/ಲೋಕಲ್’ ಕೆಳಗಿನದನ್ನು ಮೊದಲು ನೋಡಿ, ಎಪಿಟಿ ಇರಿಸಿದ್ದನ್ನು ಆಮೇಲೆ ನೋಡುತ್ತದೆ. ಒಬ್ಬ ವಿದ್ಯಾರ್ಥಿ ತನ್ನ ಅಭ್ಯಾಸಕ್ಕಾಗಿ ಸುಡೊ ಬಳಸಿ ಒಂದು ಪ್ಯಾಕೇಜಿನ ಹೊಸ ಆವೃತ್ತಿಯನ್ನು ತಂದರೆ, ವ್ಯವಸ್ಥೆಯ ಉಪಕರಣವೂ ಅಂದಿನಿಂದ ಆ ಹೊಸ ಆವೃತ್ತಿಯನ್ನೇ ಎತ್ತಿಕೊಳ್ಳುತ್ತದೆ. ಎರಡಕ್ಕೂ ಹೊಂದಾಣಿಕೆಯಾಗದಿದ್ದರೆ ಉಪಕರಣವು ಕೈಕೊಡುತ್ತದೆ. ಅದು ಕೈಕೊಡುವುದು ಅಂದೇ ಅಲ್ಲ, ವಾರಗಳ ನಂತರ, ಕಾರಣವು ಮರೆತುಹೋದ ಮೇಲೆ.

ಎರಡನೆಯದು ಭದ್ರತೆ. ಪ್ಯಾಕೇಜನ್ನು ಅನುಸ್ಥಾಪಿಸುವುದೆಂದರೆ ಕಡತಗಳನ್ನು ನಕಲಿಸುವುದಷ್ಟೇ ಎಂಬ ಭಾವನೆ ಸರಿಯಲ್ಲ. ಪೈಥಾನಿನ ಮೂಲರೂಪದ ಪ್ಯಾಕೇಜುಗಳಲ್ಲಿರುವ ‘ಸೆಟಪ್.ಪೈ’ ಕಡತವೂ, ಎನ್‌ಪಿಎಂ ಪ್ಯಾಕೇಜುಗಳ ‘ಪ್ರಿಇನ್‌ಸ್ಟಾಲ್’, ‘ಪೋಸ್ಟ್‌ಇನ್‌ಸ್ಟಾಲ್’ ಲಿಪಿಗಳೂ ಅನುಸ್ಥಾಪನೆಯ ವೇಳೆಯಲ್ಲಿಯೇ ಚಲಿಸುತ್ತವೆ. ಅವುಗಳಲ್ಲಿ ಪ್ಯಾಕೇಜಿನ ಕರ್ತೃ ಏನನ್ನು ಬೇಕಾದರೂ ಬರೆದಿರಬಹುದು. ಸುಡೊ ಬಳಸಿದಾಗ ಆ ಅಪರಿಚಿತ ಸಂಕೇತವು ಇಡೀ ಯಂತ್ರದ ಒಡೆತನದೊಂದಿಗೆ ಚಲಿಸುವ ಸಂಭವವಿದೆ. 2016ರಲ್ಲಿ ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರು ತಮ್ಮ ಪ್ರಬಂಧಕ್ಕಾಗಿ ಒಂದು ಪ್ರಯೋಗ ನಡೆಸಿದರು. ಜನಪ್ರಿಯ ಪ್ಯಾಕೇಜುಗಳ ಹೆಸರುಗಳನ್ನು ಟೈಪಿಸುವಾಗ ಆಗಬಹುದಾದ ಕಾಗುಣಿತ ತಪ್ಪುಗಳನ್ನೇ ಹೆಸರಾಗಿಟ್ಟು, ಹಾನಿಯಿಲ್ಲದ ಪ್ಯಾಕೇಜುಗಳನ್ನು ಪೈಥಾನ್, ನೋಡ್ ಮತ್ತು ರೂಬಿಯ ಸಾರ್ವಜನಿಕ ಭಂಡಾರಗಳಲ್ಲಿ ಇರಿಸಿದರು. 17,000ಕ್ಕೂ ಹೆಚ್ಚು ಗಣಕಗಳಲ್ಲಿ ಅವರ ಸಂಕೇತ ಚಲಿಸಿತು. ಅವುಗಳ ಪೈಕಿ ಶೇಕಡಾ 40ಕ್ಕೂ ಹೆಚ್ಚಿನವುಗಳಲ್ಲಿ ಅದಕ್ಕೆ ಆಡಳಿತಾಧಿಕಾರ ದೊರೆತಿತ್ತು. ಒಂದು ಅಕ್ಷರದ ತಪ್ಪು ಮತ್ತು ಸುಡೊ ಎಂಬ ಅಭ್ಯಾಸ ಇವೆರಡು ಸೇರಿದಾಗ ಆಗುವುದು ಇಷ್ಟು. ಎಲ್ಲ ಪ್ರಸಂಗಗಳೂ ಹಾನಿರಹಿತವಲ್ಲ: 2021ರ ಅಕ್ಟೋಬರಿನಲ್ಲಿ ‘ಯುಎ-ಪಾರ್ಸರ್-ಜೆಎಸ್’ ಎಂಬ ಬಹುಬಳಕೆಯ ಎನ್‌ಪಿಎಂ ಪ್ಯಾಕೇಜಿನ ಖಾತೆಯನ್ನು ವಶಪಡಿಸಿಕೊಂಡವರು, ಅನುಸ್ಥಾಪನೆಯ ವೇಳೆಯಲ್ಲಿಯೇ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವ ಮತ್ತು ಗುಪ್ತಪದ ಕದಿಯುವ ತಂತ್ರಾಂಶಗಳನ್ನು ಇಳಿಸುವ ಆವೃತ್ತಿಗಳನ್ನು ಪ್ರಕಟಿಸಿದ್ದರು.

ಮೂರನೆಯ ತೊಂದರೆ ಚಿಕ್ಕದಾದರೂ ಕಾಡುವಂಥದ್ದು. ಹಳೆಯ ಉಬುಂಟು ಆವೃತ್ತಿಗಳಲ್ಲಿಯೂ ಮ್ಯಾಕ್‌ಒಎಸ್‌ನಲ್ಲಿಯೂ ಸುಡೊ ಬಳಸಿದಾಗ ಮನೆಯ ಕಡತಕೋಶದ ವಿಳಾಸವು ಬದಲಾಗದೆ ಉಳಿಯುತ್ತದೆ. ಹಾಗಾಗಿ ರೂಟ್ ಆಗಿ ಚಲಿಸಿದ ಪಿಪ್ ಅಥವಾ ಎನ್‌ಪಿಎಂ ತನ್ನ ಸಂಗ್ರಹದ ಕಡತಗಳನ್ನು ಬಳಕೆದಾರರ ಮನೆಯೊಳಗೆ, ಆದರೆ ರೂಟ್‌ನ ಒಡೆತನದಲ್ಲಿ, ಬಿಟ್ಟುಹೋಗುವುದುಂಟು. ಮುಂದೆ ಸುಡೊ ಇಲ್ಲದೆ ಮಾಡುವ ಪ್ರತಿಯೊಂದು ಅನುಸ್ಥಾಪನೆಯೂ ಅಲ್ಲಿ ಎಡವುತ್ತದೆ. ಬಳಕೆದಾರರು ಮತ್ತೆ ಸುಡೊ ಬಳಸುತ್ತಾರೆ. ಸುಡೊ ಬೇಕಾಗುವಂತೆ ಮಾಡಿದ್ದು ಸುಡೊವೇ ಎಂಬುದು ತಿಳಿಯುವುದೇ ಇಲ್ಲ.

2021ರಿಂದ ಪಿಪ್ ಅನ್ನು ರೂಟ್ ಆಗಿ ಚಲಾಯಿಸಿದರೆ ಅದೇ ಒಂದು ಎಚ್ಚರಿಕೆಯನ್ನು ಮುದ್ರಿಸಿ, ವರ್ಚುವಲ್ ಪರಿಸರವನ್ನು ಬಳಸುವಂತೆ ಸೂಚಿಸುತ್ತದೆ.

777 ಮತ್ತು ಇತರ ಅಪಾಯಕರ ಉಪಾಯಗಳು

ಸುಡೊಗಿಂತಲೂ ಹಾನಿಕರವಾದ ಇನ್ನೊಂದು ಸಲಹೆ ಚಾಲ್ತಿಯಲ್ಲಿದೆ. ‘ಸುಡೊ ಸಿಎಚ್‌ಮಾಡ್ -ಆರ್ 777’ ಎಂಬ ಆದೇಶದಿಂದ ಇಡೀ ಕಡತಕೋಶವನ್ನು ಎಲ್ಲರಿಗೂ ಎಲ್ಲ ಹಕ್ಕುಗಳೊಂದಿಗೆ ತೆರೆದುಬಿಡುವುದು ಅಥವಾ ‘ಸಿಎಚ್‌ಓನ್’ ಆದೇಶದಿಂದ ‘/ಯುಎಸ್‌ಆರ್’ ಅನ್ನು ತನ್ನ ಹೆಸರಿಗೆ ಮಾಡಿಕೊಳ್ಳುವುದು. ಈ ಎರಡನ್ನೂ ‘/ಯುಎಸ್‌ಆರ್’ನ ಮೇಲೆ ಎಂದಿಗೂ ಮಾಡಬಾರದು.

ಕಾರಣ ಸರಳ. ಸುಡೊ ತಂತ್ರಾಂಶದ ಕಡತವೂ ‘/ಯುಎಸ್‌ಆರ್/ಬಿನ್’ನಲ್ಲಿಯೇ ಇದೆ. ಅದು ಕೆಲಸ ಮಾಡಬೇಕಾದರೆ ಅದರ ಮಾಲೀಕ ರೂಟ್ ಆಗಿರಬೇಕು ಮತ್ತು ‘ಸೆಟ್‌ಯುಐಡಿ’ ಎಂಬ ವಿಶೇಷ ಗುರುತು ಅದರ ಮೇಲಿರಬೇಕು. 777 ಎಂದು ಬರೆದ ಕೂಡಲೇ ಆ ಗುರುತು ಅಳಿಯುತ್ತದೆ. ಒಡೆತನ ಬದಲಿಸಿದರೂ ಅದೇ ಗತಿ. ಮುಂದಿನ ಕ್ಷಣದಿಂದ ಸುಡೊ ಚಲಿಸಲು ನಿರಾಕರಿಸುತ್ತದೆ. ಆದ ತಪ್ಪನ್ನು ತಿದ್ದಲು ಬೇಕಾದದ್ದೂ ಸುಡೊವೇ. ಉಬುಂಟುವಿನಲ್ಲಿ ರೂಟ್ ಖಾತೆಗೆ ನೇರ ಪ್ರವೇಶವು ಮೊದಲಿನಿಂದಲೇ ಮುಚ್ಚಿರುವುದರಿಂದ, ಯಂತ್ರವನ್ನು ರಿಕವರಿ ಸ್ಥಿತಿಯಲ್ಲಿ ಆರಂಭಿಸುವುದು ಅಥವಾ ಲೈವ್ ಯುಎಸ್‌ಬಿಯಿಂದ ದುರಸ್ತಿ ಮಾಡುವುದು ಉಳಿಯುವ ದಾರಿಗಳು. ಸಾವಿರಾರು ಕಡತಗಳ ಮೂಲ ಅನುಮತಿಗಳನ್ನು ಒಂದೊಂದಾಗಿ ಮರಳಿಸುವುದು ಕಷ್ಟಸಾಧ್ಯವಾದ್ದರಿಂದ ಬಹುತೇಕರು ಕೊನೆಗೆ ಕಾರ್ಯಾಚರಣಾ ವ್ಯವಸ್ಥೆಯನ್ನೇ ಮರುಸ್ಥಾಪಿಸುತ್ತಾರೆ.

ಮನೆಯ ಕಡತಕೋಶವನ್ನು 777 ಮಾಡಿದರೆ ಯಂತ್ರ ಕೆಡುವುದಿಲ್ಲ, ಆದರೆ ಎಸ್‌ಎಸ್‌ಎಚ್ ತಂತ್ರಾಂಶವು ಇತರರು ಓದಬಲ್ಲ ಖಾಸಗಿ ಕೀಲಿಯನ್ನು ಬಳಸಲು ಒಪ್ಪುವುದಿಲ್ಲ. ಸರ್ವರ್‌ಗೆ ಸಂಪರ್ಕವೇ ಕಡಿದುಹೋದಾಗ ಅದಕ್ಕೆ ಕಾರಣ ಹಿಂದಿನ ದಿನದ ಪ್ಯಾಕೇಜ್ ಅನುಸ್ಥಾಪನೆ ಎಂದು ಯಾರು ತಾನೇ ಊಹಿಸಿಯಾರು?

ವರ್ಚುವಲ್ ಪರಿಸರ

ಪೈಥಾನಿನ ಮಟ್ಟಿಗೆ ಮೊದಲು ಪ್ರಯತ್ನಿಸಬೇಕಾದ ಪರಿಹಾರ ಇದೇ. ವರ್ಚುವಲ್ ಪರಿಸರವೆಂದರೆ ಬಳಕೆದಾರರ ಸ್ವಂತ ಜಾಗದಲ್ಲಿರುವ ಒಂದು ಕಡತಕೋಶ. ಅದರಲ್ಲಿ ಪೈಥಾನ್ ಕಾರ್ಯಗತ ಕಡತಕ್ಕೆ ಒಂದು ಕೊಂಡಿ, ತನ್ನದೇ ಆದ ಪಿಪ್ ಮತ್ತು ತನ್ನದೇ ಆದ ‘ಸೈಟ್-ಪ್ಯಾಕೇಜಸ್’ ಇರುತ್ತವೆ. ಎಲ್ಲವೂ ಬಳಕೆದಾರರ ಒಡೆತನದಲ್ಲಿ ಇರುವುದರಿಂದ ಅನುಮತಿಯ ಪ್ರಶ್ನೆಯೇ ಏಳುವುದಿಲ್ಲ. ಇಯಾನ್ ಬಿಕಿಂಗ್ ಅವರೇ 2007ರಲ್ಲಿ ರಚಿಸಿದ ‘ವರ್ಚುವಲ್‌ಎನ್ವ್’ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಪಿಇಪಿ 405 ಎಂಬ ಪ್ರಸ್ತಾವದ ಮೂಲಕ 2012ರಲ್ಲಿ ಬಿಡುಗಡೆಯಾದ ಪೈಥಾನ್ 3.3ರಿಂದ ಅದು ‘ವೆನ್ವ್’ ಎಂಬ ಹೆಸರಿನಲ್ಲಿ ಭಾಷೆಯ ಭಾಗವೇ ಆಗಿದೆ.

ಬಳಕೆ ಹೀಗೆ. ಯೋಜನೆಯ ಕಡತಕೋಶಕ್ಕೆ ಹೋಗಿ ‘ಪೈಥಾನ್3 -ಎಂ ವೆನ್ವ್ .ವೆನ್ವ್’ ಎಂಬ ಆದೇಶ ಕೊಟ್ಟರೆ ಪರಿಸರ ಸಿದ್ಧವಾಗುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ಒಎಸ್‌ಗಳಲ್ಲಿ ‘ಸೋರ್ಸ್ .ವೆನ್ವ್/ಬಿನ್/ಆ್ಯಕ್ಟಿವೇಟ್’ ಎಂಬುದರಿಂದ ಅದನ್ನು ಸಕ್ರಿಯಗೊಳಿಸಲಾಗುತ್ತದೆ. ಆಗ ಟರ್ಮಿನಲ್‌ನ ಸಾಲಿನ ಆರಂಭದಲ್ಲಿ ಪರಿಸರದ ಹೆಸರು ಆವರಣದಲ್ಲಿ ಕಾಣಿಸುತ್ತದೆ. ನಂತರ ‘ಪಿಪ್ ಇನ್‌ಸ್ಟಾಲ್ ನಮ್‌ಪೈ’ ಎಂದರೆ ಸಾಕು. ಕೆಲಸ ಮುಗಿದ ಮೇಲೆ ‘ಡೀಆ್ಯಕ್ಟಿವೇಟ್’. ಪರಿಸರ ಕೆಟ್ಟರೆ ಅದರ ಕಡತಕೋಶವನ್ನು ಅಳಿಸಿ ಹೊಸದನ್ನು ಮಾಡಿಕೊಳ್ಳಬಹುದು. ವ್ಯವಸ್ಥೆಗೆ ಯಾವ ಹಾನಿಯೂ ಆಗದು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಮೊದಲ ಆದೇಶವೇ ‘ಎನ್ಶ್ಯೂರ್‌ಪಿಪ್’ ಲಭ್ಯವಿಲ್ಲ ಎಂದು ನಿಂತುಬಿಡಬಹುದು. ಅಲ್ಲಿ ‘ಪೈಥಾನ್3-ವೆನ್ವ್’ ಎಂಬ ಪ್ಯಾಕೇಜನ್ನು ಎಪಿಟಿಯಿಂದ ಪ್ರತ್ಯೇಕವಾಗಿ ತರಬೇಕಾಗುತ್ತದೆ. ಅದಕ್ಕೆ ಸುಡೊ ಬಳಸುವುದು ಸರಿಯೇ.

ವರ್ಚುವಲ್ ಪರಿಸರದೊಳಗೂ ಅನುಮತಿ ದೋಷ ಕಾಣಿಸಿಕೊಳ್ಳುವ ಕೆಲವು ಸಂದರ್ಭಗಳಿವೆ. ಪರಿಸರವನ್ನು ಸೃಷ್ಟಿಸುವಾಗಲೇ ಸುಡೊ ಬಳಸಿದ್ದರೆ ಅದು ರೂಟ್‌ನ ಸ್ವತ್ತಾಗಿರುತ್ತದೆ. ಅದನ್ನು ಅಳಿಸಿ ಸುಡೊ ಇಲ್ಲದೆ ಪುನಃ ಸೃಷ್ಟಿಸಬೇಕು. ಪರಿಸರವನ್ನು ಸಕ್ರಿಯಗೊಳಿಸಿ, ಅದರೊಳಗೆ ‘ಸುಡೊ ಪಿಪ್ ಇನ್‌ಸ್ಟಾಲ್’ ಎಂದರೆ ಇನ್ನೊಂದು ಬಗೆಯ ಗೊಂದಲವಾಗುತ್ತದೆ. ಸುಡೊ ಸಾಮಾನ್ಯವಾಗಿ ಆದೇಶಗಳನ್ನು ಹುಡುಕುವ ದಾರಿಯನ್ನು ತನ್ನದೇ ಪಟ್ಟಿಯಿಂದ ಬದಲಿಸುವುದರಿಂದ ಚಲಿಸುವುದು ಪರಿಸರದ ಪಿಪ್ ಅಲ್ಲ, ವ್ಯವಸ್ಥೆಯ ಪಿಪ್. ಪ್ಯಾಕೇಜು ‘ಯಶಸ್ವಿಯಾಗಿ’ ಬಂದಿತೆಂಬ ಸಂದೇಶ ಕಾಣುತ್ತದೆ, ಆದರೆ ಪ್ರೋಗ್ರಾಮಿಗೆ ಅದು ಸಿಗುವುದಿಲ್ಲ. ಯಾವ ಪಿಪ್ ಚಲಿಸುತ್ತಿದೆ ಎಂಬ ಸಂದೇಹ ಬಂದಾಗಲೆಲ್ಲ ‘ಪೈಥಾನ್ -ಎಂ ಪಿಪ್ --ವರ್ಷನ್’ ಎಂದು ಕೇಳಿದರೆ ಅದು ತನ್ನ ಪೂರ್ಣ ವಿಳಾಸವನ್ನು ತಿಳಿಸುತ್ತದೆ.

ಪೆನ್ ಡ್ರೈವ್‌ನಲ್ಲಿ ಯೋಜನೆಯನ್ನು ಇಟ್ಟುಕೊಂಡು ಕಾಲೇಜಿಗೂ ಮನೆಗೂ ಓಡಾಡುವ ವಿದ್ಯಾರ್ಥಿಗಳಿಗೆ ಮತ್ತೊಂದು ತೊಡಕು ಎದುರಾಗುತ್ತದೆ. ಪೆನ್ ಡ್ರೈವ್‌ಗಳು ಬಹುಮಟ್ಟಿಗೆ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಕಡತ ವ್ಯವಸ್ಥೆಯಲ್ಲಿರುತ್ತವೆ. ಅವುಗಳಿಗೆ ಯುನಿಕ್ಸ್ ಮಾದರಿಯ ಒಡೆತನವೂ ಇಲ್ಲ, ಸಾಂಕೇತಿಕ ಕೊಂಡಿಗಳೂ ಇಲ್ಲ. ಲಿನಕ್ಸ್‌ನಲ್ಲಿ ಅಂಥ ಡ್ರೈವ್‌ನ ಮೇಲೆ ವೆನ್ವ್ ಸೃಷ್ಟಿಸಲು ಹೋದರೆ ‘ಎರ್‌ನೋ 1, ಆಪರೇಷನ್ ನಾಟ್ ಪರ್ಮಿಟೆಡ್’ ಎಂಬ ದೋಷ ಬರುತ್ತದೆ. ಇದಕ್ಕೆ ಸುಡೊ ಕೂಡ ಉತ್ತರವಲ್ಲ. ಸಂಕೇತವನ್ನು ಪೆನ್ ಡ್ರೈವ್‌ನಲ್ಲಿಟ್ಟು, ಪರಿಸರವನ್ನು ಆಯಾ ಗಣಕದ ಮನೆಯ ಕಡತಕೋಶದಲ್ಲಿ ಸೃಷ್ಟಿಸಿ, ಬೇಕಾದ ಪ್ಯಾಕೇಜುಗಳ ಪಟ್ಟಿಯನ್ನು ‘ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ ಕಡತದಲ್ಲಿ ಒಯ್ಯುವುದು ಸರಿಯಾದ ಕ್ರಮ. ಪರಿಸರದೊಳಗಿನ ಲಿಪಿಗಳಲ್ಲಿ ಪೂರ್ಣ ವಿಳಾಸಗಳು ಬರೆದಿರುವುದರಿಂದ ಅದನ್ನು ಒಂದೆಡೆಯಿಂದ ಮತ್ತೊಂದೆಡೆಗೆ ನಕಲಿಸಿದರೂ ಅದು ಕೆಲಸ ಮಾಡುವುದಿಲ್ಲ.

ಬಳಕೆದಾರ ಅನುಸ್ಥಾಪನೆ ಮತ್ತು ಪಿಇಪಿ 668

ಪಿಪ್ ಆದೇಶಕ್ಕೆ ‘--ಯೂಸರ್’ ಸೇರಿಸಿದರೆ ಪ್ಯಾಕೇಜುಗಳು ಮನೆಯ ಕಡತಕೋಶದ ‘.ಲೋಕಲ್’ ಎಂಬಲ್ಲಿಗೆ ಹೋಗುತ್ತವೆ. 2008ರಲ್ಲಿ ಬಂದ ಪೈಥಾನ್ 2.6ರಿಂದಲೂ ಈ ಸೌಲಭ್ಯವಿದೆ. ಇದರಿಂದ ಬರುವ ಆದೇಶ ಕಡತಗಳು ‘.ಲೋಕಲ್/ಬಿನ್’ನಲ್ಲಿರುತ್ತವೆ, ಆ ಕಡತಕೋಶವು ಹುಡುಕುವ ದಾರಿಯಲ್ಲಿ ಇಲ್ಲದಿದ್ದರೆ ಅನುಸ್ಥಾಪನೆಯಾದರೂ ‘ಕಮಾಂಡ್ ನಾಟ್ ಫೌಂಡ್’ ಎಂಬ ಉತ್ತರ ಬರುತ್ತದೆ. ಉಬುಂಟುವಿನಲ್ಲಿ ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಬಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಲವು ವರ್ಷಗಳ ಕಾಲ ಇದೇ ಶಿಫಾರಸಾದ ಸುಲಭ ಮಾರ್ಗವಾಗಿತ್ತು. ಈಗ ಸ್ಥಿತಿ ಬದಲಾಗಿದೆ. 2023ರ ಏಪ್ರಿಲ್‌ನ ಉಬುಂಟು 23.04 ಮತ್ತು ಅದೇ ವರ್ಷದ ಜೂನ್‌ನ ಡೆಬಿಯನ್ 12ರಿಂದ ಈಚೆಗೆ, ವರ್ಚುವಲ್ ಪರಿಸರದ ಹೊರಗೆ ಪಿಪ್ ಬಳಸಿದರೆ ‘ಎಕ್ಸ್‌ಟರ್ನಲಿ-ಮ್ಯಾನೇಜ್ಡ್-ಎನ್ವಿರಾನ್‌ಮೆಂಟ್’ ಎಂಬ ದೋಷ ಬರುತ್ತದೆ. ಇದು ಕಡತದ ಅನುಮತಿಗೆ ಸಂಬಂಧಿಸಿದ್ದಲ್ಲ. ಈ ಪೈಥಾನ್ ವಿತರಣೆಯವರ ನಿರ್ವಹಣೆಯಲ್ಲಿದೆ ಎಂದು ಸಾರುವ ಒಂದು ಗುರುತಿನ ಕಡತವನ್ನು ಪೈಥಾನಿನ ಕಡತಕೋಶದಲ್ಲಿ ಇರಿಸಲಾಗಿರುತ್ತದೆ. ಪಿಇಪಿ 668ರ ಪ್ರಕಾರ ಪಿಪ್ ಅದನ್ನು ಕಂಡು ಹಿಂದೆ ಸರಿಯುತ್ತದೆ. ಆದ್ದರಿಂದ ಸುಡೊ ಬಳಸಿದರೂ, --ಯೂಸರ್ ಬಳಸಿದರೂ ದೋಷ ಹೋಗುವುದಿಲ್ಲ. ಮನೆಯ ಕಡತಕೋಶದ ಪ್ಯಾಕೇಜುಗಳನ್ನೂ ಪೈಥಾನ್ ವ್ಯವಸ್ಥೆಯವುಗಳಿಗಿಂತ ಮೊದಲು ನೋಡುವುದರಿಂದ, --ಯೂಸರ್ ಕೂಡ ಆ ಬಳಕೆದಾರರ ಮಟ್ಟಿಗೆ ವ್ಯವಸ್ಥೆಯ ಉಪಕರಣಗಳನ್ನು ಕೆಡಿಸಬಲ್ಲದು ಎಂಬುದು ಈ ಕಟ್ಟುನಿಟ್ಟಿಗೆ ಕಾರಣ.

ಇದನ್ನು ದಾಟಲು ‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಎಂಬ ಆಯ್ಕೆಯಿದೆ. ವ್ಯವಸ್ಥೆಯನ್ನು ಮುರಿ ಎಂಬ ಹೆಸರನ್ನು ಅದಕ್ಕೆ ಬೇಕೆಂದೇ ಇಡಲಾಗಿದೆ. ಹಳೆಯ ಪಠ್ಯಗಳನ್ನು ನೋಡಿ ಕಲಿಯುವವರು ಈ ದೋಷದಿಂದ ಗಲಿಬಿಲಿಗೊಳ್ಳುವುದು ಸಹಜ. ಉತ್ತರ ಮಾತ್ರ ಮೇಲೆ ಹೇಳಿದ ವೆನ್ವ್ ಆಗಿದೆ. ಗ್ರಂಥಾಲಯವಾಗಿ ಅಲ್ಲದೆ ಆದೇಶವಾಗಿ ಬಳಸುವ ಪೈಥಾನ್ ತಂತ್ರಾಂಶಗಳಿಗೆ ‘ಪಿಪ್‌ಎಕ್ಸ್’ ಹೆಚ್ಚು ಅನುಕೂಲ; ಅದು ಪ್ರತಿ ತಂತ್ರಾಂಶಕ್ಕೂ ತಾನೇ ಒಂದು ಪರಿಸರವನ್ನು ಕಟ್ಟಿಕೊಡುತ್ತದೆ.

ಎನ್‌ಪಿಎಂ

ಐಸಾಕ್ ಶ್ಲೂಟರ್ 2010ರಲ್ಲಿ ಆರಂಭಿಸಿದ ಎನ್‌ಪಿಎಂ ಈ ವಿಷಯದಲ್ಲಿ ಮೂಲತಃ ಪಿಪ್‌ಗಿಂತ ಅನುಕೂಲಕರ. ‘ಎನ್‌ಪಿಎಂ ಇನ್‌ಸ್ಟಾಲ್’ ಎಂದಷ್ಟೇ ಕೊಟ್ಟರೆ ಪ್ಯಾಕೇಜು ಯೋಜನೆಯೊಳಗಿನ ‘ನೋಡ್_ಮಾಡ್ಯೂಲ್ಸ್’ಗೆ ಹೋಗುತ್ತದೆ. ‘-ಜಿ’ ಸೇರಿಸಿ ಇಡೀ ಗಣಕಕ್ಕೆ ಅನ್ವಯಿಸುವಂತೆ ತರಲು ಹೊರಟಾಗಲೇ ಇಎಸಿಸಿಇಎಸ್ ಎದುರಾಗುವುದು. ಏಕೆಂದರೆ ಆಗ ಗುರಿ ಬಹುತೇಕ ‘/ಯುಎಸ್‌ಆರ್’ ಅಥವಾ ‘/ಯುಎಸ್‌ಆರ್/ಲೋಕಲ್’ ಆಗಿರುತ್ತದೆ. ಸದ್ಯದ ಗುರಿಯನ್ನು ‘ಎನ್‌ಪಿಎಂ ಕಾನ್ಫಿಗ್ ಗೆಟ್ ಪ್ರಿಫಿಕ್ಸ್’ ಎಂಬ ಆದೇಶ ತೋರಿಸುತ್ತದೆ.

ಎನ್‌ಪಿಎಂನ ಅಧಿಕೃತ ದಾಖಲೆಗಳು ಮೊದಲು ಶಿಫಾರಸು ಮಾಡುವುದು ‘ಎನ್‌ವಿಎಂ’ನಂತಹ ಆವೃತ್ತಿ ನಿರ್ವಾಹಕವನ್ನು. ಅದು ನೋಡ್ ಜೆಎಸ್ ಅನ್ನೇ ಮನೆಯ ಕಡತಕೋಶದೊಳಗೆ ಇರಿಸುವುದರಿಂದ -ಜಿ ಕೂಡ ಅಲ್ಲಿಯೇ ಹೋಗುತ್ತದೆ. ಅದು ಬೇಡವೆನಿಸಿದರೆ ಮನೆಯಲ್ಲಿ ‘.ಎನ್‌ಪಿಎಂ-ಗ್ಲೋಬಲ್’ ಎಂಬ ಕಡತಕೋಶವನ್ನು ಮಾಡಿ, ‘ಎನ್‌ಪಿಎಂ ಕಾನ್ಫಿಗ್ ಸೆಟ್ ಪ್ರಿಫಿಕ್ಸ್’ ಮೂಲಕ ಅದನ್ನೇ ಗುರಿಯಾಗಿಸಿ, ಅದರ ‘ಬಿನ್’ ಅನ್ನು ಹುಡುಕುವ ದಾರಿಗೆ ಸೇರಿಸಬಹುದು. ಒಮ್ಮೆ ಮಾತ್ರ ಬೇಕಾದ ಉಪಕರಣಕ್ಕೆ ‘ಎನ್‌ಪಿಎಕ್ಸ್’ ಸಾಕು.

ಸುಡೊ ಬಳಸಿದ ಮೇಲೂ ಇಎಸಿಸಿಇಎಸ್ ಬರುವುದು ಹಲವರನ್ನು ಬೆರಗುಗೊಳಿಸಿದ ಸಂಗತಿ. 6 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಎನ್‌ಪಿಎಂ ಅನ್ನು ರೂಟ್ ಆಗಿ ಚಲಾಯಿಸಿದರೆ, ಪ್ಯಾಕೇಜಿನ ಲಿಪಿಗಳನ್ನು ಮಾತ್ರ ಅದು ಸುರಕ್ಷತೆಗಾಗಿ ಅಧಿಕಾರವಿಲ್ಲದ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ಚಲಾಯಿಸುತ್ತಿತ್ತು. ಆ ಬಳಕೆದಾರನಿಗೆ ರೂಟ್ ಸೃಷ್ಟಿಸಿದ ಕಡತಕೋಶದಲ್ಲಿ ಬರೆಯಲಾಗುತ್ತಿರಲಿಲ್ಲ. ಇನ್ನು ‘ಸಂಗ್ರಹದಲ್ಲಿ ರೂಟ್ ಒಡೆತನದ ಕಡತಗಳಿವೆ’ ಎಂಬ ಸಂದೇಶ ಬಂದರೆ, ಎನ್‌ಪಿಎಂ ತಾನೇ ಪರಿಹಾರದ ಆದೇಶವನ್ನೂ ತೋರಿಸುತ್ತದೆ: ಮನೆಯ ‘.ಎನ್‌ಪಿಎಂ’ ಕಡತಕೋಶದ ಒಡೆತನವನ್ನು ಸಿಎಚ್‌ಓನ್ ಮೂಲಕ ಬಳಕೆದಾರರಿಗೆ ಮರಳಿಸುವುದು. ಇಲ್ಲಿ ಸುಡೊ ಬಳಕೆ ಉಚಿತವೇ ಆಗಿದೆ, ಏಕೆಂದರೆ ಬದಲಾಗುತ್ತಿರುವುದು ಸ್ವಂತ ಮನೆಯೊಳಗಿನ ಒಡೆತನ. ಪಿಪ್‌ನ ‘.ಕ್ಯಾಶ್/ಪಿಪ್’ಗೂ ಇದೇ ಮದ್ದು.

2018ರ ಫೆಬ್ರವರಿಯಲ್ಲಿ ಎನ್‌ಪಿಎಂನ 5.7.0 ಆವೃತ್ತಿಯಲ್ಲಿದ್ದ ಒಂದು ದೋಷವು ಸುಡೊ ಬಳಸುವವರಿಗೆ ದುಬಾರಿಯಾಯಿತು. ಆ ಆವೃತ್ತಿಯನ್ನು ಸುಡೊ ಮೂಲಕ ಚಲಾಯಿಸಿದಾಗ ‘/ಇಟಿಸಿ’, ‘/ಯುಎಸ್‌ಆರ್’ ಮೊದಲಾದ ವ್ಯವಸ್ಥೆಯ ಕಡತಕೋಶಗಳ ಒಡೆತನವೇ ಬದಲಾಗಿ ಕೆಲವು ಸರ್ವರ್‌ಗಳು ನಿಷ್ಕ್ರಿಯವಾದವು. ಕೂಡಲೇ 5.7.1 ಹೊರಬಂದಿತು. ಸುಡೊ ಇಲ್ಲದೆ ಅದೇ ಆವೃತ್ತಿಯನ್ನು ಬಳಸಿದವರ ವ್ಯವಸ್ಥೆಯ ಕಡತಗಳಿಗೆ ಏನೂ ಆಗಲಿಲ್ಲ.

ಮ್ಯಾಕ್‌ಒಎಸ್

ಆ್ಯಪಲ್ ಸಂಸ್ಥೆಯು 2015ರ ಎಲ್ ಕ್ಯಾಪಿಟನ್ ಆವೃತ್ತಿಯಲ್ಲಿ ‘ಸಿಸ್ಟಮ್ ಇಂಟೆಗ್ರಿಟಿ ಪ್ರೊಟೆಕ್ಷನ್’ ಎಂಬ ರಕ್ಷಣೆಯನ್ನು ತಂದಿತು. ಅಂದಿನಿಂದ ‘/ಸಿಸ್ಟಮ್’ ಕೆಳಗಿನ ಕಡತಗಳನ್ನು ರೂಟ್ ಕೂಡ ಬದಲಿಸಲಾರ. ಸುಡೊ ಬಳಸಿದರೂ ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂಬ ಉತ್ತರವೇ ಬರುತ್ತದೆ. ಈ ರಕ್ಷಣೆಯನ್ನು ನಿಷ್ಕ್ರಿಯಗೊಳಿಸುವ ಸಲಹೆಗಳನ್ನು ಅನುಸರಿಸಬಾರದು. ವ್ಯವಸ್ಥೆಯೊಂದಿಗೆ ಬರುವ ರೂಬಿಯನ್ನು ಬಳಸಿ ‘ಜೆಮ್ ಇನ್‌ಸ್ಟಾಲ್’ ಮಾಡಿದಾಗ ‘/ಲೈಬ್ರರಿ/ರೂಬಿ/ಜೆಮ್ಸ್’ಗೆ ಬರೆಯುವ ಹಕ್ಕಿಲ್ಲವೆಂಬ ದೋಷ ಪ್ರಸಿದ್ಧವಾದದ್ದು. ಹೋಮ್‌ಬ್ರೂ ಅಥವಾ ‘ಆರ್‌ಬಿಎನ್ವ್’ ಮೂಲಕ ಪ್ರತ್ಯೇಕ ರೂಬಿಯನ್ನು ತಂದುಕೊಂಡರೆ ಅದು ಬಗೆಹರಿಯುತ್ತದೆ. ಹೋಮ್‌ಬ್ರೂ ಅಂತೂ ರೂಟ್ ಆಗಿ ಚಲಿಸಲು ತಾನೇ ನಿರಾಕರಿಸುತ್ತದೆ.

ವಿಂಡೋಸ್

ವಿಂಡೋಸ್‌ನಲ್ಲಿ ಪೈಥಾನ್ ಅನ್ನು ‘ಎಲ್ಲ ಬಳಕೆದಾರರಿಗಾಗಿ’ ಎಂದು ಆಯ್ದು ಸ್ಥಾಪಿಸಿದ್ದರೆ ಅದು ‘ಪ್ರೋಗ್ರಾಮ್ ಫೈಲ್ಸ್’ನಲ್ಲಿರುತ್ತದೆ, ಅಲ್ಲಿ ಬರೆಯಲು ಆಡಳಿತಾಧಿಕಾರ ಬೇಕು. ಒಬ್ಬರೇ ಬಳಸುವ ಗಣಕವಾದರೆ ಆ ಆಯ್ಕೆಯನ್ನು ಬಿಟ್ಟು ಸ್ಥಾಪಿಸುವುದು ಲೇಸು. ಆರ್ ಭಾಷೆಯಲ್ಲೂ ಇದೇ ಸ್ಥಿತಿಯಿದೆ, ಆದರೆ ಅದು ‘ವೈಯಕ್ತಿಕ ಗ್ರಂಥಾಲಯ ಬಳಸಲೇ’ ಎಂದು ತಾನೇ ಕೇಳುತ್ತದೆ. ಹೌದು ಎಂದರೆ ಮುಗಿಯಿತು.

ವಿನ್‌ಎರರ್ 5 ಬಂದಾಗಲೆಲ್ಲ ಕಾರಣ ಹಕ್ಕಿನ ಕೊರತೆಯೇ ಆಗಿರಬೇಕಿಲ್ಲ. ಚಾಲ್ತಿಯಲ್ಲಿರುವ ಕಡತವನ್ನು ವಿಂಡೋಸ್ ಬದಲಿಸಲು ಬಿಡುವುದಿಲ್ಲ. ಪಿಪ್ ತನ್ನನ್ನು ತಾನೇ ನವೀಕರಿಸಿಕೊಳ್ಳಲು ಹೋದಾಗ ಹೀಗಾಗುತ್ತದೆ. ಅದಕ್ಕಾಗಿಯೇ ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ಅಪ್‌ಗ್ರೇಡ್ ಪಿಪ್’ ಎಂಬ ರೂಪವನ್ನು ಬಳಸಬೇಕು. ಜುಪಿಟರ್ ನೋಟ್‌ಬುಕ್ ತೆರೆದಿರುವಾಗ ಅದರಲ್ಲಿ ಬಳಕೆಯಲ್ಲಿರುವ ಪ್ಯಾಕೇಜನ್ನು ನವೀಕರಿಸಲು ಹೋದರೂ ಇದೇ ದೋಷ ಬರಬಹುದು. ನೋಟ್‌ಬುಕ್ ಮುಚ್ಚಿ ಮತ್ತೆ ಪ್ರಯತ್ನಿಸಿದರೆ ಸರಿಹೋಗುತ್ತದೆ. ಪವರ್‌ಶೆಲ್‌ನಲ್ಲಿ ವೆನ್ವ್ ಸಕ್ರಿಯಗೊಳಿಸುವಾಗ ಲಿಪಿಗಳ ಚಾಲನೆಯನ್ನು ತಡೆಹಿಡಿಯಲಾಗಿದೆ ಎಂಬ ಸಂದೇಶ ಬಂದರೆ, ಅದು ಕಡತದ ಅನುಮತಿಯಲ್ಲ, ಪವರ್‌ಶೆಲ್‌ನ ಚಾಲನಾ ನೀತಿ. ಆ ನೀತಿಯನ್ನು ಸದ್ಯದ ಬಳಕೆದಾರರಿಗೆ ಮಾತ್ರ ‘ರಿಮೋಟ್‌ಸೈನ್ಡ್’ ಎಂದು ಬದಲಿಸಿದರೆ ಸಾಕು.

ಹಂಚಿಕೊಂಡ ಗಣಕಗಳಲ್ಲಿ

ಕಾಲೇಜಿನ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಸುಡೊ ಹಕ್ಕು ಇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗದಂತಹ ಸೂಪರ್‌ಕಂಪ್ಯೂಟರ್‌ಗಳನ್ನು ಬಳಸುವ ಸಂಶೋಧಕರದ್ದೂ ಇದೇ ಸ್ಥಿತಿ. ನೂರಾರು ಜನ ಬಳಸುವ ಯಂತ್ರದಲ್ಲಿ ಒಬ್ಬರ ಪ್ಯಾಕೇಜು ಮತ್ತೊಬ್ಬರ ಲೆಕ್ಕಾಚಾರವನ್ನು ಬದಲಿಸುವಂತಾಗಬಾರದು. ಇಲ್ಲಿ ವೆನ್ವ್ ಅಥವಾ ಮನೆಯ ಕಡತಕೋಶದಲ್ಲಿ ಸ್ಥಾಪಿಸಿಕೊಂಡ ಮಿನಿಕೊಂಡಾ ನೆರವಿಗೆ ಬರುತ್ತವೆ. ನಿರ್ವಾಹಕರು ಸ್ಥಾಪಿಸಿದ ಕೊಂಡಾವನ್ನು ನೇರವಾಗಿ ಬದಲಿಸಲು ಹೋದರೆ ಪರಿಸರಕ್ಕೆ ಬರೆಯಲಾಗದು ಎಂಬ ದೋಷ ಬರುತ್ತದೆ. ‘ಕೊಂಡಾ ಕ್ರಿಯೇಟ್’ ಮೂಲಕ ಸ್ವಂತ ಪರಿಸರವನ್ನು ಮಾಡಿಕೊಳ್ಳಬೇಕು. ಪರ್ಲ್ ಬಳಸುವವರಿಗೆ ‘ಲೋಕಲ್::ಲಿಬ್’ ಇದೆ.

ರಸ್ಟ್ ಭಾಷೆಯ ಕಾರ್ಗೊ ಮತ್ತು ಗೊ ಭಾಷೆಯ ಉಪಕರಣಗಳು ಮನೆಯ ಕಡತಕೋಶಕ್ಕೆ ಬರೆಯುವಂತೆ ರಚಿತವಾಗಿರುವುದರಿಂದ ಅವುಗಳಲ್ಲಿ ಈ ದೋಷ ವಿರಳ.

ಅನುಮತಿ ದೋಷದಂತೆ ತೋರುವ ಇತರ ದೋಷಗಳು

ಕಡತ ವ್ಯವಸ್ಥೆಯನ್ನು ಓದಲು ಮಾತ್ರ ಸಾಧ್ಯವಾಗುವಂತೆ ಜೋಡಿಸಿದ್ದರೆ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂದೂ, ಡಿಸ್ಕ್ ತುಂಬಿದ್ದರೆ ‘ನೋ ಸ್ಪೇಸ್ ಲೆಫ್ಟ್’ ಎಂದೂ ಸಂದೇಶ ಬರುತ್ತದೆ. ಇವೆರಡಕ್ಕೂ ಒಡೆತನ ಬದಲಿಸಿ ಪ್ರಯೋಜನವಿಲ್ಲ. ಇನ್ನೊಂದು ಸಂದರ್ಭ ಹೆಚ್ಚು ಮೋಸಗೊಳಿಸುವಂಥದ್ದು. ಭದ್ರತೆಗಾಗಿ ಕೆಲವು ಸರ್ವರ್‌ಗಳಲ್ಲಿ ‘/ಟಿಎಂಪಿ’ ಕಡತಕೋಶವನ್ನು ‘ನೋಎಕ್ಸೆಕ್’ ಎಂಬ ನಿರ್ಬಂಧದೊಂದಿಗೆ ಜೋಡಿಸಿರುತ್ತಾರೆ. ಅಲ್ಲಿ ಕಡತಗಳನ್ನು ಬರೆಯಬಹುದು, ಓದಬಹುದು, ಆದರೆ ಕಾರ್ಯಗತಗೊಳಿಸಲಾಗದು. ಮೂಲರೂಪದಿಂದ ಪ್ಯಾಕೇಜನ್ನು ಕಟ್ಟುವಾಗ ಪಿಪ್ ತಾತ್ಕಾಲಿಕ ಕಡತಗಳನ್ನು ಅಲ್ಲಿಯೇ ಇಡುವುದರಿಂದ, ಎಲ್ಲ ಹಕ್ಕುಗಳೂ ಸರಿಯಿದ್ದರೂ ‘ಪರ್ಮಿಷನ್ ಡಿನೈಡ್’ ಕಾಣಿಸುತ್ತದೆ. ‘ಟಿಎಂಪಿಡಿಐಆರ್’ ಎಂಬ ಪರಿಸರ ಚರಕ್ಕೆ (ಇದರ ಹೆಸರನ್ನು ಮಾತ್ರ ದೊಡ್ಡಕ್ಷರಗಳಲ್ಲಿ ಬರೆಯಬೇಕು) ಮನೆಯೊಳಗಿನ ಒಂದು ಕಡತಕೋಶದ ವಿಳಾಸವನ್ನು ಕೊಟ್ಟು ಪುನಃ ಪ್ರಯತ್ನಿಸಿದರೆ ಅನುಸ್ಥಾಪನೆ ಮುಂದುವರಿಯುತ್ತದೆ.